ಒಳಗಿಳಿದ ಬೂಷ್ಟು

"ಜ್ವರ ಬಿಟ್ಟು ಹದಿನೈದು ದಿನ ಆಯ್ತು. ಇನ್ನೂ ಯಾಕೆ ಮಾತ್ರೆ ತುರುಕ್ತೀಯ ಅದರ ಗಂಟಲಿಗೆ?" ಬಡಗಿ ಹೆಂಡತಿಯ ಕೈಯಿಂದ ಮಾತ್ರೆಯ ಡಬ್ಬಿ ಕಿತ್ತುಕೊಂಡು ಕಪಾಟಿನ ಮೇಲಿಟ್ಟ.

ಆರು ವರ್ಷದ ಗುಬ್ಬಿ ಅಪ್ಪನ ಬೆನ್ನ ಹಿಂದೆ ಅವಿತುಕೊಂಡಳು. ಮಾತ್ರೆಯ ವಿಷಯದಲ್ಲಿ ಅವಳು ಯಾವತ್ತೂ ಅಪ್ಪನ ಪಕ್ಷ.

ಗುಬ್ಬಿಗೆ ರಕ್ತದ ಕ್ಯಾನ್ಸರ್. ಚಿಕಿತ್ಸೆಯಿಂದ ರೋಗ ತಡೆಯುವ ಶಕ್ತಿ ಕುಗ್ಗಿತ್ತು. ಈಚೆಗೆ ಬಂದ ಜ್ವರ ಮಾಮೂಲಿ ಔಷಧಿಗೆ ಜಗ್ಗಲಿಲ್ಲ. ಪರೀಕ್ಷೆ ಮಾಡಿದಾಗ ಶ್ವಾಸಕೋಶದಲ್ಲಿ ಶಿಲೀಂಧ್ರದ ಸೋಂಕು, ಅಂದರೆ ಬೂಷ್ಟಿನ ಜಾತಿಯದು, ಪತ್ತೆಯಾಗಿತ್ತು.

ಅವತ್ತು ಮಗುವನ್ನು ನೋಡಲು ಬಂದ ಆಸ್ಪತ್ರೆಯ ನರ್ಸಕ್ಕ ಬಾಗಿಲಲ್ಲೇ ನಿಂತುಬಿಟ್ಟರು. ಮುಂದಿನ ಕೋಣೆಯಲ್ಲೇ ಬಡಗಿಯ ಕೆಲಸ. ಹಳೆ ಕಟ್ಟಡದಿಂದ ಬಿಚ್ಚಿ ತಂದ ತೇವದ ಹಲಗೆಗಳು ಗೋಡೆಗೆ ಒರಗಿದ್ದವು. ಮರದ ಪುಡಿ ಗುಬ್ಬಿಯ ಹಾಸಿಗೆವರೆಗೂ ಹಾರಿತ್ತು.

"ಸಿಸ್ಟರ್, ಬೂಷ್ಟು ಬ್ರೆಡ್ ಮೇಲೆ ಬರುತ್ತೆ, ಮರದ ಮೇಲೆ ಬರುತ್ತೆ. ಎದೆಯೊಳಗೆ ಬರುತ್ತೆ ಅಂದ್ರೆ ಯಾರು ನಂಬ್ತಾರೆ?" ಎಂದ ಬಡಗಿ.

"ಇವರಿಗೆ ಮರದ ಭಾಷೇಲೇ ಹೇಳಿ ಅಕ್ಕ," ಎಂದಳು ಹೆಂಡತಿ. "ಮನುಷ್ಯರ ಮಾತು ಕಿವಿಗೇ ಹೋಗಲ್ಲ."

ನರ್ಸಕ್ಕ ನಕ್ಕು, ಹಸಿರು ಕಲೆ ಹಿಡಿದ ಹಲಗೆಯೊಂದನ್ನು ತೋರಿಸಿದರು. "ಅಣ್ಣ, ಇದನ್ನ ಬಟ್ಟೇಲಿ ಒರೆಸಿ ಬಾಗಿಲು ಮಾಡಿಬಿಡ್ತೀರಾ?"

"ಎಲ್ಲಾದ್ರೂ ಆಗುತ್ತಾ! ಒರೆಸಿದ್ರೆ ಹೋದ ಹಾಗೆ ಕಾಣುತ್ತೆ ಅಷ್ಟೆ. ಒಳಗೆ ಎಳೆ ಎಳೆಯಾಗಿ ಇಳಿದಿರುತ್ತೆ. ಚೂರು ತೇವ ಸಿಕ್ರೆ ಸಾಕು, ಮತ್ತೆ..."

ಅವನ ಕಣ್ಣು ಮಗಳ ಪುಟ್ಟ ಎದೆಯ ಮೇಲಿತ್ತು.

"ಜ್ವರ ಬಿಟ್ಟಿದ್ದೂ ಹಾಗೇ ಅಣ್ಣ, ಮೇಲೆ ಒರೆಸಿದ ಹಾಗೆ," ಎಂದರು ನರ್ಸಕ್ಕ ಮೆಲ್ಲಗೆ. "ತಿಂಗಳುಗಟ್ಟಲೆ ಮಾತ್ರೆ ಬೇಕಾಗಬಹುದು. ಯಾವಾಗ ಸಾಕು ಅಂತ ಡಾಕ್ಟರೇ ಹೇಳ್ಬೇಕು. ವಾಂತಿ ಗೀಂತಿ ಆದ್ರೆ ಫೋನ್ ಮಾಡಿ, ನೀವಾಗೇ ನಿಲ್ಲಿಸ್ಬೇಡಿ. ಬೂಷ್ಟಿನ ಕಣ ಗಾಳೀಲೇ ಇರುತ್ತೆ. ನಮ್ಮಂಥವರ ಮೈ ಸಾಮಾನ್ಯವಾಗಿ ಅದನ್ನ ತಡ್ಕೊಳ್ಳುತ್ತೆ. ಗುಬ್ಬಿಗೆ ಈಗ ಆ ತ್ರಾಣ ಇಲ್ಲ."

"ಹಾಗಾದ್ರೆ ನನ್ನ ಹಲಗೆಯಿಂದಲೇ ಬಂತಾ?"

"ಎಲ್ಲಿಂದ ಬಂತು ಅಂತ ಹೇಳೋಕಾಗಲ್ಲ ಅಣ್ಣ. ಇನ್ಮೇಲೆ ದೂರ ಇಡೋದು ನಮ್ಮ ಕೈಲಿದೆ."

ಗುಬ್ಬಿಯನ್ನು ಪಕ್ಕದ ಮನೆಯಲ್ಲಿ ಕೂರಿಸಿ, ಬಡಗಿ ಹಲಗೆ, ಗರಗಸ ಎಲ್ಲವನ್ನೂ ಬೇರೆ ಕಡೆಗೆ ಸಾಗಿಸಿದ. ಹೆಂಡತಿ ನೆಲ, ಗೋಡೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಸಂಜೆ ಡಬ್ಬಿ ಕಪಾಟಿನಿಂದ ಕೆಳಗಿಳಿಯಿತು. ಗುಬ್ಬಿ ಮುಖ ಕಿವುಚಿಕೊಂಡು ಮಾತ್ರೆ ನುಂಗಿದಳು. ಬಡಗಿ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಅವಳ ಎತ್ತರ ಗುರುತು ಹಾಕಿದ್ದ ಬಾಗಿಲ ಚೌಕಟ್ಟಿನ ಮೇಲೆ ಮಾತ್ರೆಯ ಲೆಕ್ಕಕ್ಕೆ ಒಂದು ಗೆರೆ ಎಳೆದ.

"ಇಂಥವು ಎಷ್ಟಾಗ್ಬೇಕಪ್ಪಾ?"

"ಡಾಕ್ಟರು ಸಾಕು ಅನ್ನೋವರೆಗೆ. ಚೌಕಟ್ಟು ಸಾಲದಿದ್ರೆ ಇನ್ನೊಂದು ಮಾಡ್ತೀನಿ ಬಿಡು."

ನಿಮ್ಮ ಮನೆಯಲ್ಲೂ ರೋಗ ತಡೆಯುವ ಶಕ್ತಿ ಕುಗ್ಗಿದ ಮಗುವಿದೆಯೇ? ಜ್ವರ ಬಂದರೆ, ಕೆಮ್ಮು ಬಿಡದಿದ್ದರೆ, ಮೂಗಿನಲ್ಲೋ ಬಾಯಲ್ಲೋ ಕಪ್ಪು ಕಲೆ ಕಂಡರೆ, ನಾಳೆ ನೋಡೋಣ ಎನ್ನದೆ ಕೂಡಲೇ ಆಸ್ಪತ್ರೆಗೆ ಹೋಗಿ. ಮಗು ಗೆಲುವಾಗಿದೆ ಎಂದು ಮಾತ್ರೆಯ ಡಬ್ಬಿಯನ್ನು ಮಾತ್ರ ಕಪಾಟಿನ ಮೇಲಿಡಬೇಡಿ.