ಅಂಚಿನಲ್ಲಿ ಉಳಿದ ಅರ್ಧ ಸಾಲು

ಹೆಬ್ಬೆರಳಿನ ಮೇಲೆ ಒಣಗಿದ ಅಂಟು ಸಿಪ್ಪೆಯಾಗಿ ಏಳುತ್ತಿದೆ, ಮೆಲ್ಲಗೆ ಎಳೆದರೆ ಬೆರಳಿನ ಗೆರೆಗಳೆಲ್ಲ ಅದರಲ್ಲಿ ಮೂಡಿ ಬರುತ್ತವೆ, ಮಗಳು ಚಿಕ್ಕವಳಿದ್ದಾಗ ಇದನ್ನು ಕಾಡಿ ಬೇಡಿ ಇಸಿದುಕೊಳ್ಳುತ್ತಿದ್ದಳು, ಅಬ್ಬಾನ ಚರ್ಮ ಅಂತ ಎಲ್ಲರಿಗೂ ತೋರಿಸುತ್ತಿದ್ದಳು — ಅವಳು ನಾಲ್ಕು ಗಂಟೆಗೆ ಬರುತ್ತಾಳೆ, ಐದು ವರ್ಷದ ಮೇಲೆ, ಇನ್ನು ಅರ್ಧ ಗಂಟೆ, ಊರೆಲ್ಲ ಅಂಟುಮಾಸ್ತರ ಎಂದು ಕರೆಯುವ ಈ ಮುದಿ ಪುಸ್ತಕದ ಬೈಂಡರಿಗೆ ಅವಳಿಗೆ ಹೇಳಬೇಕಾದ ಮಾತು ಮಾತ್ರ ಇನ್ನೂ ಬಾಯಿಗೆ ಬಂದಿಲ್ಲ. ಹೆಂಡತಿ ಒಳಗಿನಿಂದ ಎರಡು ಸಲ ಇಣುಕಿದ್ದಾಳೆ, ಏನ್ರೀ, ಅಂಟು ಬಾಯಿಗೂ ಹತ್ತಿದೆಯಾ, ಮಗಳ ಹತ್ರ ನೆಟ್ಟಗೆ ಒಂದು ಮಾತಾಡಿ ಇವತ್ತಾದರೂ. ಮಾತಾಡಬೇಕು. ಮೇಜಿನ ಮೇಲೆ ಆ ಪುಸ್ತಕ, ಕ್ರೈಸ್ತರು ಓದುವ, ಮೊದಲ ಭಾಗವನ್ನು ಯಹೂದಿಗಳೂ ಓದುವ ಹಳೆಯ ಗ್ರಂಥ, ರದ್ದಿಯವನ ಚೀಲದಿಂದ ಎಂದೋ ಎತ್ತಿಟ್ಟುಕೊಂಡದ್ದು. ಮಸೀದಿಯ ಇಮಾಮರು ನಕ್ಕಿದ್ದರು, ಕೈಯಾಡಿಸಿ ಕೆಡಿಸಿದ ಪುಸ್ತಕ ಮಾಸ್ತರೆ, ಅದರಲ್ಲೇನು ಹುಡುಕ್ತೀರಿ ಎಂದು, ಮಸಿ ಚೆಲ್ಲಿದ ಹಾಳೆಯಲ್ಲೂ ಓದೋಕೆ ಒಂದೆರಡು ಸಾಲು ಸಿಗುತ್ತೆ ಸ್ವಾಮಿ ಎಂದಿದ್ದರು ಇವರು. ಸಿಕ್ಕಿತ್ತು. ಯಹೂದಿಗಳ ಸಹೋದರರ ಕಡೆಯಿಂದ ಒಬ್ಬ ಪ್ರವಾದಿ ಎದ್ದು ಬರುತ್ತಾನೆ ಎನ್ನುವ ಜಾಗ, ಆ ಸಹೋದರರು ಇಸ್ಮಾಯಿಲನ, ಅಂದರೆ ನಮ್ಮ ಪ್ರವಾದಿಯ, ವಂಶದವರಲ್ಲದೆ ಇನ್ನಾರು, ಆಮೇಲೆ ಸಂತೈಸುವವನು ಬರುತ್ತಾನೆ ಎನ್ನುವ ಇನ್ನೊಂದು ಜಾಗ, ಅಲ್ಲೂ ನಮ್ಮ ಪ್ರವಾದಿಯೇ — ಪಕ್ಕದಲ್ಲಿ ಪುಟ್ಟ ಅಕ್ಷರದಲ್ಲಿ ಬರೆದುಕೊಂಡಿದ್ದರು, ಹೊಲಿಗೆಯ ಕಡೆಗೆ ಒತ್ತಿ, ಬೈಂಡರನಾದವನು ಹೊರ ಅಂಚನ್ನು ನಂಬುವುದಿಲ್ಲ, ಅಲಗು ಇಳಿಯುವುದು ಅಲ್ಲೇ. ಮಗಳು ತನಗೆ ತೋಚಿದ್ದನ್ನು ಹೊರ ಅಂಚಿನಲ್ಲೇ ಬರೆದಳು, ಹದಿನಾಲ್ಕು ವರ್ಷ ಆಗ ಅವಳಿಗೆ, ಜಾಗ ಧಾರಾಳವಾಗಿದೆ ಅಬ್ಬಾ ಎಂದಳು, ಆಮೇಲೂ ವರ್ಷಗಟ್ಟಲೆ ಅಲ್ಲೇ ಬರೆಯುತ್ತಾ ಹೋದಳು.

ಪಾದ್ರಿ ಹಾಡಿನ ಪುಸ್ತಕಗಳನ್ನು ಬೈಂಡಿಂಗಿಗೆ ತಂದ ದಿನ ಅವಳು ಇಲ್ಲೇ ಕೂತು ಹಾಳೆ ಮಡಿಸುತ್ತಿದ್ದಳು. ಸಂತೈಸುವವನು ಅಂದರೆ ಪವಿತ್ರಾತ್ಮ ಮಾಸ್ತರೆ, ಮನುಷ್ಯನಲ್ಲ, ಇದ್ದ ಹಾಗೆ ಓದಿ ಎಂದರು ಪಾದ್ರಿ, ಇವರು ಎದೆಯುಬ್ಬಿಸಿ, ಅಕ್ಷರಕ್ಕೆ ಜೋತುಬಿದ್ದು ಕಾಯುತ್ತಾ ಕೂತವರು, ಬಂದವನು ಬಾಗಿಲಲ್ಲಿ ನಿಂತರೂ ಗುರುತಿಸಲಿಲ್ಲ ಎಂದರು, ಮಗಳ ಕೈ ಮಡಿಸುವುದನ್ನು ಬಿಟ್ಟು ನಿಂತಿತು, ಎಂಥ ಹೆಮ್ಮೆ ಆಗಿತ್ತು ಇವರಿಗೆ ಅವತ್ತು. ಹತ್ತು ವರ್ಷದ ಮೇಲೆ ಅದೇ ಸ್ಟೂಲಿನಲ್ಲಿ ಕೂತು ಹೇಳಿದಳು, ನಾನು ಬಹಾಯಿ ಧರ್ಮ ಸೇರಿದ್ದೀನಿ ಅಬ್ಬಾ, ನಿಮ್ಮ ಆ ಮಾತೇ ನನ್ನನ್ನು ಕರೆದುಕೊಂಡು ಹೋಯಿತು. ನೀವು ಕಂಡದ್ದೆಲ್ಲ ನಿಜ, ನಾನೂ ನಂಬ್ತೀನಿ, ಬರುವವರು ಅಲ್ಲಿಗೇ ಮುಗಿಯಲಿಲ್ಲ, ನಮ್ಮ ಪ್ರವಾದಿಯ ಮೇಲೂ ಒಬ್ಬರು ಬಂದರು ಅಂತೀನಿ ಅಷ್ಟೆ. ಮುಗಿಯಿತು, ನಮ್ಮ ಪ್ರವಾದಿಯೇ ಕೊನೆಯ ಮುದ್ರೆ, ಮುದ್ರೆ ಬಿದ್ದ ಮೇಲೆ ಇನ್ನೇನು, ಇನ್ನೊಬ್ಬರು ಬಂದಿದ್ದರೆ ಗ್ರಂಥದಲ್ಲಿ ಹೇಳಿದ ಹಾಗೆ ಸೂರ್ಯ ಎಲ್ಲಿ ಕಪ್ಪಾಯಿತು, ನಕ್ಷತ್ರ ಎಲ್ಲಿ ಉದುರಿತು, ಹೇಳು ಎಂದು ಇವರು ಗದರಿದರು. ಆ ಸೂರ್ಯ ಆಕಾಶದ್ದಲ್ಲ, ಹಳೆಯ ನಂಬಿಕೆಯ ಬೆಳಕು ಮಂಕಾಗೋದು ಅಬ್ಬಾ. ಇದ್ದ ಹಾಗೆ ಓದು ಎಂದರು ಇವರು. ಅವಳು ಮೆಲ್ಲಗೆ, ಪಾದ್ರಿಗಳ ಮಾತು ನಿಮ್ಮ ಬಾಯಲ್ಲಿ ಬಂತಲ್ಲ ಎಂದಳು, ಅಣಕಿಸಲಿಲ್ಲ, ಅಣಕಿಸಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮರುವಾರ ಆ ಪುಸ್ತಕದ ಬೆನ್ನು ಬಿಟ್ಟಿತ್ತು, ಬಿಚ್ಚಿ ಹೊಸದಾಗಿ ಹೊಲಿದರು, ಕಟಿಂಗ್ ಮೆಷಿನ್ನಿಗೆ ಕೊಟ್ಟು ಮೂರು ಕಡೆ ಅಂಚು ಸವರಿದರು, ಅವಳು ಬಂದು ತೆರೆದು ನೋಡಿದಳು, ಅವಳು ಬರೆದ ಪುಟಪುಟದಲ್ಲೂ ಸಾಲುಗಳ ತುದಿ ಹಾರಿಹೋಗಿತ್ತು. ಕತ್ತರಿಸಿಬಿಟ್ಟಿರಾ ಎಂದಳು. ನಲವತ್ತು ವರ್ಷದ ಕೈ, ಅಭ್ಯಾಸ ಎಂದರು. ಅವಳು ಪುಸ್ತಕ ಇಟ್ಟು ಹೋದಳು, ಮತ್ತೆ ಬರಲಿಲ್ಲ. ಅಭ್ಯಾಸ — ಯಾರ ಅಭ್ಯಾಸ, ಗಿರಾಕಿಯ ಬರಹ ಅಂಚಿನಲ್ಲಿದ್ದರೆ ಸವರಬಾರದು, ಈ ಕೆಲಸದ ಮೊದಲ ಪಾಠ ಅದು, ಅವಳಿಗೂ ಕಲಿಸಿದ್ದರು, ಒಂದೊಂದು ಮಡಿಕೆ ಹೊಲಿಯುವಾಗಲೂ ಆ ಸಾಲುಗಳನ್ನು ಓದಿದ್ದರಲ್ಲ, ಓದಿ ಓದಿ ಬಾಯಿಪಾಠ ಆಗಿತ್ತಲ್ಲ, ಆಮೇಲೂ ಅಲಗು ಇಳಿಸಿದರಲ್ಲ. ಈ ತಿಂಗಳೆಲ್ಲ ಕೂತು ಮತ್ತೆ ಬಿಚ್ಚಿದ್ದಾರೆ, ಅವಳ ಬರಹವಿದ್ದ ಹಾಳೆ ಹಾಳೆಗೂ ತೆಳುಕಾಗದದ ಪಟ್ಟಿ ಅಂಟಿಸಿ ಅಂಚು ಬೆಳೆಸಿದ್ದಾರೆ, ನಲವತ್ತೊಂದು ಪಟ್ಟಿ, ಹಳದಿ ಕಾಗದ ಮುಗಿದಲ್ಲಿ ಬಿಳಿ ಶುರು, ಅರ್ಧ ಸಾಲು ಬಂದು ಆ ಗಡಿಯಲ್ಲಿ ನಿಂತಿರುತ್ತದೆ.

ಬಾಗಿಲಲ್ಲಿ ಅವಳು, ಸ್ವಲ್ಪ ದಪ್ಪಗಾಗಿದ್ದಾಳೆ, ಕನ್ನಡಕ ಬಂದಿದೆ, ಸಲಾಂ ಅಬ್ಬಾ, ವಾಲೇಕುಂ ಸಲಾಂ ಬಾ ಮಗಳೇ ಎಂದು ಪುಸ್ತಕವನ್ನು ಅವಳ ಕಡೆಗೆ ಸರಿಸಿದರು. ಅವಳು ಸ್ಟೂಲ್ ಎಳೆದು ಕೂತು ಪುಸ್ತಕ ತೆರೆದಳು, ಪಟ್ಟಿಯ ಮೇಲೆ ಬೆರಳಾಡಿಸಿದಳು, ಅಂಟಿನ ಗಂಟು ಒಂದೂ ಸಿಗುವುದಿಲ್ಲ ಅವಳಿಗೆ, ಹುಡುಕಲಿ. ಅಭ್ಯಾಸ ಅಲ್ಲ ಮಗಳೇ, ಬೇಕಂತಲೇ ಸವರಿದೆ — ಹೊರಟೇಹೋಯಿತು ಮಾತು. ಗೊತ್ತು ಅಬ್ಬಾ ಎಂದಳು. ನಿನ್ನ ನಂಬಿಕೆ ನಾನು ಒಪ್ಪಿಲ್ಲ, ಒಪ್ಪೋದೂ ಇಲ್ಲ, ಮುದ್ರೆ ಅಂದರೆ ಮುದ್ರೆ. ಅದೂ ಗೊತ್ತು. ಬರಿ ನೀನು, ಜಾಗ ಮಾಡಿದ್ದೀನಿ. ಅವರ ಕಿವಿಯ ಮೇಲಿನ ಪೆನ್ಸಿಲನ್ನು ಅವಳೇ ತೆಗೆದುಕೊಂಡಳು, ಸಂತೈಸುವವನ ಪುಟ, ಒಳಗಡೆ ಇವರ ಅಕ್ಷರ, ಹೊರಗಡೆ ಅವಳದ್ದು, ಅದೇ ಬೆಳಕು, ಬೇ — ಅಲ್ಲಿಗೆ ಹಳದಿ ಕಾಗದ ಮುಗಿದಿದೆ, ಪೆನ್ಸಿಲಿನ ಮೊನೆ ಬಿಳಿಯ ಮೇಲೆ ಇಳಿದು ನಿಂತಿದೆ, ಮುಂದೆ ಏನು ಬರೆದಿದ್ದೆನೋ ಮರೆತೇಹೋಗಿದೆ ಅಬ್ಬಾ, ನಿಮಗೇನಾದರೂ ನೆನಪಿದೆಯಾ. ನಿಜವಾಗಿ ಮರೆತಳೋ, ಬೇಕಂತಲೇ ಕೇಳಿದಳೋ, ಅವಳು ತಲೆಯೆತ್ತಲಿಲ್ಲ. ತಾನು ನಂಬದ ಮಾತು, ತನ್ನ ಬಾಯಿಂದ, ಅದೇ ಬೆಳಕು, ಬೇ, ಪೆನ್ಸಿಲ್ ಕಾಯುತ್ತಿದೆ, ಹಳದಿ ಮುಗಿದಲ್ಲಿ ಬಿಳಿ, ಬೇ — ಬೇರೆ ದೀಪ, ಬರಕೋ ಎಂದರು ಅಂಟುಮಾಸ್ತರರು, ಬೇರೆ ದೀಪ.