ನಲವತ್ತೊಂದು ಜೀನ್‌ಗಳು

ಟಿಣ್ ಎಂದಿತು ಕಂಪ್ಯೂಟರ್. ರಾತ್ರಿ ಹನ್ನೊಂದೂವರೆ. ಕೂತಲ್ಲೇ ತೂಕಡಿಸುತ್ತಿದ್ದ ಲ್ಯಾಬ್ ಸಹಾಯಕಿ ಬೆಚ್ಚಿ ಕಣ್ಣು ಬಿಟ್ಟಳು. ಆರ್ಕಿಡ್ ಗಿಡದ ಜೀನ್‌ಗಳ ಹೋಲಿಕೆ ಮುಗಿದಿತ್ತು. ಶಿಲೀಂಧ್ರದ ಜೀನ್‌ಗಳು ಎಂದಿದ್ದ ಕಡೆ ಒಂದು ಸೊನ್ನೆ.

ನಲವತ್ತೊಂದು ಇರಬೇಕಿತ್ತು. ಎಲೆಯಿಲ್ಲದ, ಹಸಿರೇ ಇಲ್ಲದ ಆ ಆರ್ಕಿಡ್ ಮಣ್ಣಿನ ಶಿಲೀಂಧ್ರದ ಅನ್ನ ತಿಂದೇ ಬದುಕುವ ಗಿಡ. ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಜೀನ್‌ಗಳನ್ನು ಯಾವ ಕಾಲದಲ್ಲೋ ಕಳೆದುಕೊಂಡಿದೆ. ಅನ್ನದ ಜೊತೆಗೆ ಶಿಲೀಂಧ್ರದ ನಲವತ್ತೊಂದು ಜೀನ್‌ಗಳನ್ನೂ ಅದು ಕದ್ದಿದೆ ಎಂಬುದು ಪ್ರೊಫೆಸರರ ಶೋಧ. ಬೆಳಿಗ್ಗೆ ಹತ್ತಕ್ಕೆ ದೊಡ್ಡ ಸಭೆಯಲ್ಲಿ ಅವರು ಅದನ್ನೇ ಸಾರಲಿದ್ದರು.

ಅವಳು ಶುರುವಿನಲ್ಲೇ ಹೇಳಿದ್ದಳು. "ಬೇರು ಬೇಡ ಸರ್, ಅದರೊಳಗೆ ಫಂಗಸ್ ಹೊಕ್ಕಿರುತ್ತೆ. ಅದರದ್ದೂ ಇದರದ್ದೂ ಕಲಸಿಹೋಗುತ್ತೆ. ಹೂವಿನ ದಂಟು ಕೊಡಿ."

"ದಂಟು ಫೋಟೋಗೆ ಬೇಕಮ್ಮ. ಬೇರನ್ನೇ ಚೆನ್ನಾಗಿ ತೊಳಿ, ಸಾಕು."

ತೊಳೆದಳು. ಎಂಟು ತಿಂಗಳು ತೊಳೆದಳು, ಅರೆದಳು, ಯಂತ್ರದಲ್ಲಿ ಜೀನ್ ಓದಿಸಿದಳು. ಕೊನೆಗೆ ಪ್ರಬಂಧದಲ್ಲಿ ಅವಳ ಹೆಸರಿರಬೇಕಾದ ಜಾಗದಲ್ಲಿ ಪ್ರೊಫೆಸರರ ಅಳಿಯ ಕೂತಿದ್ದ. ಅವನು ಈ ಲ್ಯಾಬಿಗೆ ಬಂದದ್ದು ಎರಡೇ ಸಲ. ಎರಡೂ ಸಲ ಮಾವನ ಕಾರಿನ ಬೀಗದಕೈಗೆ. ಕೇಳಿದ್ದಕ್ಕೆ ಪ್ರೊಫೆಸರ್ ಎಲ್ಲರೆದುರು ನಕ್ಕಿದ್ದರು. "ಮದುವೆ ಕಾಗದದಲ್ಲಿ ಅಡುಗೆಯವರ ಹೆಸರು ಹಾಕಿಸ್ತಾರೇನಮ್ಮ?"

ಫೋಟೋ ಆದ ಮೇಲೆ ಕಸದ ಬುಟ್ಟಿಗೆ ಬಿದ್ದ ದಂಟನ್ನು ಅವಳು ಎತ್ತಿಟ್ಟಿದ್ದಳು. ಅದರಲ್ಲೂ ನಲವತ್ತೊಂದು ಸಿಕ್ಕರೆ ಶೋಧ ಗಟ್ಟಿಯಾಗುತ್ತದೆ, ಆಗಲಾದರೂ ಹೆಸರು ಸೇರಿಸಿಯಾರು ಎಂಬ ಆಸೆ. ಈಗ ಈ ಸೊನ್ನೆ. ಗಿಡ ಏನನ್ನೂ ಕದ್ದಿರಲಿಲ್ಲ. ಕಂಡದ್ದೆಲ್ಲ ಬೇರೊಳಗೆ ಸೇರಿಕೊಂಡಿದ್ದ ಶಿಲೀಂಧ್ರದ್ದು.

ಏನೇ ಇರಲಿ, ಅಷ್ಟು ಜನರ ಮುಂದೆ ತಪ್ಪು ಹೇಳಲು ಬಿಡಬಾರದು. ಪ್ರೊಫೆಸರರಿಗೆ ಫೋನ್ ಮಾಡಿದಳು.

"ಸರ್, ಆ ನಲವತ್ತೊಂದು..."

"ಗಂಟೆ ಎಷ್ಟಮ್ಮ? ಮತ್ತೆ ಅದೇ ಹೆಸರಿನ ರಾಮಾಯಣಾನಾ?"

"ಅದಲ್ಲ ಸರ್. ದಂಟಿನಿಂದ ನೋಡಿದ್ರೆ..."

"ನಿನ್ನ ಕೆಲಸ ತೊಳೆಯೋದು, ಅರೆಯೋದು. ಅರ್ಥ ಹುಡುಕೋದನ್ನ ನಮಗೆ ಬಿಡು."

ಫೋನಿನ ಆ ಕಡೆಯಿಂದ ಅಳಿಯನ ದನಿಯೂ ಕೇಳಿತು. "ಯಾರು ಮಾವ, ಅಡುಗೆಯವರಾ?" ಇಬ್ಬರೂ ನಕ್ಕರು.

ಅವಳ ಕಿವಿ ಕಾದವು. ತೆರೆಯ ಮೇಲಿನ ಸೊನ್ನೆಯನ್ನು ಮತ್ತೊಮ್ಮೆ ನೋಡಿದಳು.

"ಏನಿಲ್ಲ ಸರ್," ಎಂದಳು. "ಚೆನ್ನಾಗಿ ಮಾತಾಡಿ ಬನ್ನಿ."

ಫಲಿತಾಂಶವನ್ನು ಅಳಿಸಲಿಲ್ಲ. ಯಾರೂ ತೆರೆಯದ ಹಳೆಯ ಫೋಲ್ಡರಿಗೆ ಸರಿಸಿದಳು. ಉಳಿದ ದಂಟಿನ ತುಂಡನ್ನು ಫ್ರೀಜರಿನ ಕೊನೆಯ ಸಾಲಿನ ಹಿಂದಕ್ಕೆ ನೂಕಿದಳು. ನಾಳೆ ಯಾರೇ ಕೇಳಲಿ, ಮನೆಯಲ್ಲಿ ಗಂಡನೇ ಕೇಳಲಿ, ಬಾಯಿ ಬಿಡುವುದಿಲ್ಲ ಎಂದುಕೊಂಡಳು. ಬೆರಳಿಗೆ ಮೆತ್ತಿದ್ದ ಮಂಜು ಕರಗಿ ಮುಂಗೈಗೆ ಇಳಿಯಿತು. ಒರೆಸಿಕೊಳ್ಳದೆ ದೀಪ ಆರಿಸಿದಳು.