ಹಳೇ ದರದ ಎಣ್ಣೆ

ಪೆಟ್ರೋಲ್ ಬಂಕಿನ ಮ್ಯಾನೇಜರು ದಿನಕ್ಕೆ ಕಡಿಮೆಯೆಂದರೂ ಹತ್ತು ಸಲ ಹೇಳುವ ಮಾತೊಂದಿತ್ತು. ಸ್ಕೂಟರಿನವನೋ ಟ್ಯಾಕ್ಸಿಯವನೋ ಪೇಪರನ್ನು ಸುರುಳಿ ಸುತ್ತಿ ಕೈಯಲ್ಲಿ ಹಿಡಿದು, "ಅಲ್ರೀ, ಕಚ್ಚಾ ಎಣ್ಣೆ ಪಾತಾಳಕ್ಕೆ ಇಳಿದಿದೆಯಂತೆ, ನಿಮ್ಮ ಬೋರ್ಡು ಮಾತ್ರ ಇದ್ದಲ್ಲೇ ಇದೆಯಲ್ಲ?" ಎಂದು ಕೇಳಿದರೆ, ಅವರು ಬೂಟಿನ ತುದಿಯಿಂದ ಸಿಮೆಂಟು ನೆಲವನ್ನು ಎರಡು ಸಲ ಮೆಲ್ಲಗೆ ತಟ್ಟಿ, "ಇಲ್ಲಿ ಕೆಳಗೆ ಟ್ಯಾಂಕಲ್ಲಿರೋದು ಹಳೇ ದರದ ಎಣ್ಣೆ ಸ್ವಾಮಿ. ಅದು ಮುಗೀಬೇಕಲ್ಲ?" ಎನ್ನುತ್ತಿದ್ದರು. ಕೇಳಿದವನು ನೆಲ ನೋಡುತ್ತಿದ್ದ. ಸಿಮೆಂಟಿನ ಅಡಿಯಲ್ಲಿರುವುದನ್ನು ಬಗ್ಗಿ ನೋಡುವವರು ಯಾರು? ಇಪ್ಪತ್ತೆರಡು ವರ್ಷಗಳಲ್ಲಿ ಆ ಮಾತಿಗೆ ಎದುರಾಡಿದವರಿರಲಿಲ್ಲ.

ಮ್ಯಾನೇಜರು ಧೈರ್ಯಸ್ಥರು. ಕಾಲಡಿಯಲ್ಲಿ ಇಪ್ಪತ್ತು ಸಾವಿರ ಲೀಟರ್ ಪೆಟ್ರೋಲ್ ಇಟ್ಟುಕೊಂಡು ಅದರ ಮೇಲೆಯೇ ಕುರ್ಚಿ ಹಾಕಿ ಮಧ್ಯಾಹ್ನ ತೂಕಡಿಸಬಲ್ಲವರು. ಆದರೆ ನೀರು ಬಕೆಟ್ಟಿನ ಅಂಚು ಮೀರಿದರೆ ಅವರ ಕತೆ ಬೇರೆ. ಮದುವೆಯಾದ ಹೊಸತರಲ್ಲಿ ಹೆಂಡತಿ ಪಾರ್ಕಿನ ಕೊಳದಲ್ಲಿ ಕಾಲಿನಿಂದ ತುಳಿಯುವ ಹಂಸದ ದೋಣಿ ಹತ್ತೋಣ ಎಂದಿದ್ದಳು. ಕೊಳದ ನೀರು ಸೊಂಟದುದ್ದ ಇತ್ತು. ಮ್ಯಾನೇಜರು ಅಲ್ಲೇ ನಿಂತು ಒಂದು ಮಂಡಿನೋವನ್ನು ಸೃಷ್ಟಿಸಿದರು. ಆ ಮಂಡಿನೋವು ಅಂದಿನಿಂದ ಮನೆಯವರಲ್ಲಿ ಒಬ್ಬನಂತೆ ಇದ್ದುಬಿಟ್ಟಿತು. ಯಾವ ಕಾಲಿನದು ಎಂಬುದು ಮಾತ್ರ ಒಮ್ಮೊಮ್ಮೆ ಮರೆತುಹೋಗುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಷಡ್ಡಕನ ಮನೆಯಲ್ಲಿ ಊಟವಾಯಿತು. ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ. ಟ್ರಾವೆಲ್ ಏಜೆನ್ಸಿ ನಡೆಸುವವನು. ತಟ್ಟೆಗಳನ್ನು ಎತ್ತಿದ ಕೂಡಲೇ ಮೇಜಿನ ಮೇಲೆ ನುಣುಪು ಕಾಗದದ ಪುಸ್ತಿಕೆಯೊಂದನ್ನು ಹರಡಿದ. ಹನ್ನೊಂದು ಮಹಡಿಯ ಹಡಗು, ಆರು ದಿನದ ವಿಹಾರ, ಕೋಣೆಗೊಂದು ಬಾಲ್ಕನಿ, ತಾರಸಿಯ ಮೇಲೆ ಈಜುಕೊಳ.

"ನೀರಿನ ಮೇಲೆ ಹೋಗೋ ಹಡಗಿನ ಮೇಲೆ ಮತ್ತೆ ನೀರು ಯಾಕೋ?" ಎಂದರು ಮ್ಯಾನೇಜರು.

"ಅದು ಸಿಹಿನೀರು ಭಾವಾ."

"ರೀ, ಇಪ್ಪತ್ತೈದನೇ ವರ್ಷ ಬರ್ತಿದೆ ನಮ್ಮದು," ಎಂದಳು ಹೆಂಡತಿ. "ಒಂದು ಸಲ. ನಾಲ್ಕೂ ಜನ ಹೋಗೋಣ."

ಅಕ್ಕತಂಗಿಯರಿಬ್ಬರೂ ಅವರ ಮುಖವನ್ನೇ ನೋಡುತ್ತಿದ್ದರು. ಹಡಗಿಗೆ ಮಂಡಿನೋವು ಸಾಲದು, ಅದರಲ್ಲಿ ಲಿಫ್ಟ್ ಇತ್ತು. ಮ್ಯಾನೇಜರು ಪುಸ್ತಿಕೆಯನ್ನು ಎಳೆದುಕೊಂಡು ಒಂದೊಂದೇ ಹಾಳೆ ತಿರುವಿದರು. ಕೊನೆಯ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಬೇಕಾದದ್ದು ಸಿಕ್ಕಿತು. ಕಚ್ಚಾ ಎಣ್ಣೆ ಪೀಪಾಯಿಗೆ ಎಪ್ಪತ್ತು ಡಾಲರ್ ದಾಟಿದಲ್ಲಿ ಕಂಪನಿಯು ತಲೆಗೆ ದಿನಕ್ಕೆ ಒಂಬತ್ತು ಡಾಲರಿನಂತೆ ಇಂಧನ ಸರ್‌ಚಾರ್ಜ್ ವಿಧಿಸಬಹುದು. ಟಿಕೆಟ್ ಕೊಂಡ ನಂತರವೂ ವಿಧಿಸಬಹುದು.

ಅದನ್ನು ಅವರು ಗಟ್ಟಿಯಾಗಿ, ಸಾಕ್ಷಿ ಹೇಳುವವರಂತೆ ಓದಿದರು.

"ನೋಡೋ, ಟಿಕೆಟ್ ದುಡ್ಡು ಕೊಡ್ತೀನಿ. ಇದನ್ನ ಕೊಡಲ್ಲ. ಹಗಲೆಲ್ಲಾ ನಾನು ಎಣ್ಣೆ ಮಾರೋನು. ಬೇರೆಯವರ ಎಣ್ಣೆ ಬಿಲ್ಲು ನನ್ನ ತಲೆ ಮೇಲೆ ಯಾಕೆ? ಇದು ತತ್ವದ ಪ್ರಶ್ನೆ."

"ಭಾವಾ, ಬಾಲ್ಕನಿ ಕೊಡ್ತಿದ್ದಾರೆ, ನೀವು ಒಂಬತ್ತು ಡಾಲರ್ ಹಿಡ್ಕೊಂಡು ಕೂತ್ರಲ್ಲ!"

"ಸರ್‌ಚಾರ್ಜ್ ತೆಗೀಲಿ. ತೆಗೆದ ದಿನ ಬರ್ತೀನಿ."

ಹೆಂಡತಿ ಬಂಕಿನ ಎದುರಿನ ಕಟ್ಟಡದ ಮೊದಲ ಮಹಡಿಯ ದಂತವೈದ್ಯರ ಬಳಿ ರಿಸೆಪ್ಷನಿಸ್ಟ್. ಹಲ್ಲು ಕೀಳಿಸಿಕೊಳ್ಳಲು ಬಂದವರು ಮನಸ್ಸು ಬದಲಿಸುವ ಮೊದಲೇ ಒಪ್ಪಿಗೆ ಸಹಿ ಹಾಕಿಸಿಕೊಳ್ಳುವುದು ಅವಳ ಕಸುಬು. ಪುಸ್ತಿಕೆಯ ಅಂಚಿನಲ್ಲೇ 'ಸರ್‌ಚಾರ್ಜ್ ತೆಗೆದ ದಿನ ಬರುತ್ತೇನೆ' ಎಂದು ಬರೆದು ಪೆನ್ನು ಮುಂದೆ ಹಿಡಿದಳು. ಅಂದು ಕಚ್ಚಾ ಎಣ್ಣೆ ತೊಂಬತ್ತರ ಮೇಲಿತ್ತು. ಮ್ಯಾನೇಜರು ನಗುನಗುತ್ತಾ ಸಹಿ ಹಾಕಿದರು, ತಾರೀಖನ್ನೂ ಬರೆದರು.

ನಂತರ ಎಣ್ಣೆ ಇಳಿಯತೊಡಗಿತು.

ಎಲ್ಲಿಯೋ ಯಾರೋ ಹೆಚ್ಚು ತೆಗೆದರಂತೆ, ಇನ್ನೆಲ್ಲಿಯೋ ಯಾರೋ ಕಡಿಮೆ ಕೊಂಡರಂತೆ. ಕಾರಣ ಏನೇ ಇರಲಿ, ಬೆಳಿಗ್ಗೆ ಆರಕ್ಕೆ ಹೊಸ ದರ ಫೋನಿಗೆ ಬರುತ್ತಿತ್ತು. ಮ್ಯಾನೇಜರು ಡಬ್ಬದಿಂದ ಪ್ಲಾಸ್ಟಿಕ್ಕಿನ ಅಂಕಿಗಳನ್ನು ಆರಿಸಿ, ಕೊಕ್ಕೆಯಿರುವ ಉದ್ದ ಕೋಲಿನಿಂದ ಕಂಬದ ಮೇಲಿನ ಬೋರ್ಡಿಗೆ ತಾವೇ ನೇತುಹಾಕಬೇಕು. ತನ್ನ ವಾರಂಟನ್ನು ತಾನೇ ಗೋಡೆಗೆ ಅಂಟಿಸುವ ಕೆಲಸ. ಎದುರಿನ ಕಿಟಕಿಯಲ್ಲಿ ಹೆಂಡತಿ ಅಪಾಯಿಂಟ್‌ಮೆಂಟ್ ಡೈರಿಯ ಮೂಲೆಯಲ್ಲಿ ಅಂಕಿಯನ್ನು ಬರೆದುಕೊಳ್ಳುತ್ತಿದ್ದಳು.

"ಪೇಪರಲ್ಲಿ ಹತ್ತು ಡಾಲರ್ ಇಳಿದಿದೆ, ನಿಮ್ಮ ಬೋರ್ಡಲ್ಲಿ ಬರೀ ಚಿಲ್ಲರೆ ಇಳಿದಿದೆ," ಎಂದಳು ಒಂದು ದಿನ.

"ಟ್ಯಾಂಕಲ್ಲಿರೋದು ಹಳೇ ದರದ..."

"ಅದನ್ನ ಸ್ಕೂಟರಿನವರಿಗೆ ಹೇಳಿ."

ಮತ್ತೊಂದು ಬೆಳಿಗ್ಗೆ ಬೋರ್ಡಿನಲ್ಲಿ ದಶಾಂಶ ಚುಕ್ಕೆಯ ಪಕ್ಕದ ಒಂಬತ್ತು ಆರಾಯಿತು. ಹತ್ತು ಗಂಟೆಗೆ ಕ್ಲಿನಿಕ್ಕಿನಿಂದ ಫೋನು ಬಂತು.

"ರೀ, ಮತ್ತೆ ಇಳೀತಲ್ಲ!"

"ಎಲ್ಲಿ? ಅದು ಒಂಬತ್ತೇ ಕಣೆ. ಗಾಳಿಗೆ ತಲೆಕೆಳಗಾಗಿದೆ."

"ಹೌದಾ? ವೃತ್ತದ ಹತ್ತಿರದ ಬಂಕಲ್ಲೂ ತಲೆಕೆಳಗಾಗಿದೆ. ಡಾಕ್ಟರು ಈಗ ತಾನೇ ನೋಡ್ಕೊಂಡು ಬಂದ್ರು. ಏನ್ ಗಾಳಿ ರೀ ಇದು, ಆರಿಸಿ ಆರಿಸಿ ಬೀಸ್ತಿದೆ!"

ಎಣ್ಣೆ ಎಂಬತ್ತಕ್ಕೆ ಇಳಿದ ವಾರ ಮನೆಗೆ ಅಗಲ ಅಂಚಿನ ಹುಲ್ಲಿನ ಹ್ಯಾಟು ಬಂತು. ಎಪ್ಪತ್ತೈದಕ್ಕೆ ಕಪ್ಪು ಕನ್ನಡಕ. ಎಪ್ಪತ್ತೆರಡಕ್ಕೆ ಮ್ಯಾನೇಜರಿಗೇ ಒಂದು ಅಂಗಿ ಬಂತು: ಹಳದಿಯ ಮೇಲೆ ಅಂಗೈಯಷ್ಟಗಲದ ಕೆಂಪು ಹೂಗಳು. ಅದು ಕಪಾಟಿನಲ್ಲಿ ಅವರ ಬೂದು ಯೂನಿಫಾರ್ಮುಗಳ ನಡುವೆ ನೇತಾಡುತ್ತಾ ಬಾಗಿಲು ತೆಗೆದಾಗಲೆಲ್ಲ ಅವರನ್ನು ನೋಡುತ್ತಿತ್ತು. ಎಣ್ಣೆ ಏರಲೆಂದು ಇಷ್ಟು ಮನಸಾರೆ ಹಾರೈಸಿದವರು ಎಣ್ಣೆಬಾವಿಗಳ ಒಡೆಯರಲ್ಲೂ ಇದ್ದಿರಲಾರರು.

ಅರವತ್ತೆಂಟಕ್ಕೆ ಬಂದು ಮೂರು ವಾರ ಅಲ್ಲೇ ನಿಂತಿತು. ಷಡ್ಡಕ ಫೋನು ಮಾಡಿದ.

"ಭಾವಾ, ಸಿಹಿ ಸುದ್ದಿ. ಸರ್‌ಚಾರ್ಜ್ ತೆಗೆದ್ರು. ಕಂಪನಿ ಪತ್ರ ಬಂದಿದೆ. ಅಕ್ಕನಿಗೆ ಆಗಲೇ ಹೇಳಿಬಿಟ್ಟೆ."

ವಾರದ ರಜೆಯ ದಿನ ಇಬ್ಬರೂ ಷಡ್ಡಕನ ಆಫೀಸಿಗೆ ಹೋದರು. ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ಒಂದು ಪುಟ್ಟ ಹಡಗಿತ್ತು. ಮ್ಯಾನೇಜರು ಅದಕ್ಕೆ ಬೆನ್ನು ಬರುವಂತೆ ಕುರ್ಚಿ ಎಳೆದುಕೊಂಡರು. ತಂಗಿ ಮೊದಲೇ ಬಂದು ಕೂತಿದ್ದಳು. ಹೆಂಡತಿಯ ಚೀಲದಿಂದ ಹ್ಯಾಟಿನ ಅಂಚು ಇಣುಕುತ್ತಿತ್ತು. ಟಿಕೆಟ್ ಕೈಗೆ ಬಂದ ಮೇಲೆ ಹಾಕಿಕೊಂಡೇ ಮನೆಗೆ ಹೋಗುವುದೆಂದು ಅವಳು ದಾರಿಯಲ್ಲಿ ಹೇಳಿದ್ದಳು.

ಷಡ್ಡಕ ಬಿಲ್ಲು ಮುಂದೆ ತಳ್ಳಿದ. ಇಂಧನ ಸರ್‌ಚಾರ್ಜ್ ಎಂಬ ಸಾಲಿನೆದುರು ದುಂಡನೆಯ ಸೊನ್ನೆಯಿತ್ತು. ಮ್ಯಾನೇಜರ ಕಣ್ಣು ಅಭ್ಯಾಸಬಲದಿಂದ ಕೆಳಕ್ಕೆ ಜಾರಿತು. ಒಟ್ಟು ಮೊತ್ತ ಮೊದಲು ಸರ್‌ಚಾರ್ಜ್ ಸೇರಿಸಿ ಹೇಳಿದ್ದಷ್ಟೇ ಇತ್ತು, ಒಂದು ಕಾಸೂ ಆಚೀಚೆ ಇಲ್ಲ.

"ಇದೇನೋ? ಸರ್‌ಚಾರ್ಜ್ ಹೋಗಿದೆ, ದುಡ್ಡು ಹೋಗಿಲ್ಲ?"

ಷಡ್ಡಕ ಕುರ್ಚಿಯಲ್ಲಿ ಸ್ವಲ್ಪ ಹೊರಳಿದ. "ಮೂಲ ದರ ಸ್ವಲ್ಪ ಏರಿಸಿದ್ದಾರೆ ಭಾವಾ. ಕಂಪನಿಯವರು ಈ ವರ್ಷದ ಎಣ್ಣೇನ ಹೋದ ವರ್ಷವೇ, ಏರಿದ್ದ ರೇಟಿಗೆ, ಮಾತಾಡಿ ಇಟ್ಟುಬಿಟ್ಟಿದ್ದಾರೆ. ಹಾಗಾಗಿ ಈಗ ಹಡಗಲ್ಲಿ ಉರಿಯೋದು..." ಅವನು ಬೂಟಿನ ತುದಿಯಿಂದ ನೆಲವನ್ನು ಎರಡು ಸಲ ತಟ್ಟಿದ. "ಹಳೇ ದರದ ಎಣ್ಣೆ. ನಿಮಗೆ ನಾನು ಹೇಳಿಕೊಡಬೇಕಾ?"

ಇಪ್ಪತ್ತೆರಡು ವರ್ಷ ಬೇರೆಯವರಿಗೆ ಕುಡಿಸಿದ ಕಷಾಯದ ರುಚಿ ಮ್ಯಾನೇಜರಿಗೆ ಮೊದಲ ಸಲ ಗೊತ್ತಾಯಿತು. ಆದರೆ ಆ ಕಹಿಯ ಹಿಂದೆಯೇ ಒಂದು ಸಿಹಿಯೂ ಬಂತು: ಬಾಗಿಲು ತೆರೆದಿದೆ! ಇದು ಸರ್‌ಚಾರ್ಜೇ, ವೇಷ ಮಾತ್ರ ಬೇರೆ. ತತ್ವ ಇನ್ನೂ ಬದುಕಿದೆ. ಎದ್ದು ನಿಂತು ಎರಡು ಮಾತು ಜೋರಾಗಿ ಆಡಿದರೆ ಮುಗಿಯಿತು.

ಅವರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೆಂಡತಿ ಬಿಲ್ಲನ್ನು ತನ್ನ ಕಡೆ ತಿರುಗಿಸಿ ಓದಿ ಮುಗಿಸಿದ್ದಳು.

"ಹೋಗ್ಲಿ ಬಿಡಿ," ಎಂದಳು. "ಮೊತ್ತ ಅಷ್ಟೇ ಇದೆ. ನೀವು ಬರಬೇಕಾಗಿಲ್ಲ. ನಿಮ್ಮ ಮಾತಿಗೆ ನೀವು ತಪ್ಪಿಲ್ಲ."

ಡಾಕ್ಟರು ಇಂದು ಬರುವುದಿಲ್ಲ ಎಂದು ನೋವಿನವರಿಗೆ ತಿಳಿಸುವಾಗಿನ ಮೃದುವಾದ, ಯಾರ ಮೇಲೂ ಕೋಪವಿಲ್ಲದ ದನಿ. ಹೆಬ್ಬೆರಳಿನಿಂದ ಹ್ಯಾಟಿನ ಅಂಚನ್ನು ಚೀಲದೊಳಕ್ಕೆ ಒತ್ತಿದಳು. ಹುಲ್ಲಿನ ಹ್ಯಾಟು ಒಳಗೆ ಹೋಗದೆ ಮತ್ತೆ ಮೇಲೆ ಬಂತು. ಇನ್ನೊಮ್ಮೆ ಒತ್ತಿದಳು.

ಅವಳು ಬೈದಿದ್ದರೆ ಮ್ಯಾನೇಜರು ಗೆದ್ದುಬಿಡುತ್ತಿದ್ದರು.

"ನನಗೆ ನೀರು ಅಂದ್ರೆ ಭಯ," ಎಂದರು.



"ಏನಂದ್ರಿ?"

"ಭಯ ಕಣೆ. ನೀರು. ಕೆಳಗೆ ಅಲ್ಲಾಡುತ್ತಲ್ಲ, ಅದು. ಆವತ್ತು ಹಂಸದ ದೋಣಿ ಹತ್ರಾನೂ ಮಂಡಿನೋವಿರಲಿಲ್ಲ. ಆಮೇಲೂ ಇಲ್ಲ. ಯಾವತ್ತೂ ಇಲ್ಲ."

ಹೆಂಡತಿ ಅವರನ್ನು ನೋಡಿದಳು. ಮಂಡಿಯನ್ನು ನೋಡಿದಳು. ಷಡ್ಡಕ ಬಿಲ್ಲಿನ ಹಿಂದೆ ಮುಖ ಮರೆಸಿಕೊಂಡ, ಬಿಲ್ಲು ಅಲುಗುತ್ತಿತ್ತು.

"ಅಯ್ಯೋ ನಿಮ್ಮ!" ಎಂದಳು ಕೊನೆಗೆ. "ನಾನು ನಿಮ್ಮನ್ನ ಜುಗ್ಗ ಅಂದ್ಕೊಂಡಿದ್ದೆನಲ್ರೀ! ಒಂದೂವರೆ ವರ್ಷದಿಂದ! ಡಾಕ್ಟರ ಹತ್ತಿರ ಹೇಳಿದ್ದೀನಿ, ಕಾಂಪೌಂಡರ್ ಹತ್ತಿರ ಹೇಳಿದ್ದೀನಿ, ಬಾಯಿ ತೆಗೆದು ಕೂತಿದ್ದ ಪೇಷಂಟುಗಳಿಗೂ ಹೇಳಿದ್ದೀನಿ, ಒಂಬತ್ತು ಡಾಲರಿಗೆ ಹೆಂಡ್ತಿ ಆಸೆ ಮುರಿದ ಗಂಡಸು ಅಂತ. ಅವರೆಲ್ಲಾ ಪಾಪ, ಬಾಯಲ್ಲಿ ಹತ್ತಿ ಇಟ್ಕೊಂಡೇ ನನಗಾಗಿ ಮರುಗಿದ್ದಾರೆ. ಪುಕ್ಕಲು ಅಂತ ಮೊದಲೇ ಹೇಳೋಕೆ ಏನಾಗಿತ್ತು? ನಾನು ಎಷ್ಟು ನೆಮ್ಮದಿಯಾಗಿರ್ತಿದ್ದೆ!"

"ಪುಕ್ಕಲು ಅಂತ ಯಾರಾದ್ರೂ ಹೇಳ್ಕೋತಾರೇನೇ?"

"ಜುಗ್ಗ ಅಂತ ಅನ್ನಿಸ್ಕೋಬಹುದಾ?"

ಅವಳ ಕಣ್ಣಂಚು ಒದ್ದೆಯಾಗಿತ್ತು. ನಗುವಿನಿಂದಲೋ ಇನ್ನಾವುದರಿಂದಲೋ, ವಿಚಾರಿಸುವ ಧೈರ್ಯ ಅವರಿಗಾಗಲಿಲ್ಲ.

ವ್ಯವಹಾರ ಮುಗಿಸಿದವಳು ತಂಗಿ. "ಅಕ್ಕಾ, ಕೋಣೆಗೆ ಇಬ್ಬರು ತಾನೇ? ನಾನೂ ನೀನೂ ಒಂದೇ ಕೋಣೆ."

ಬಿಲ್ಲಿನ ಹಿಂದಿನ ನಗು ಥಟ್ಟನೆ ನಿಂತಿತು. "ಮತ್ತೆ ನಾನು? ಹನ್ನೊಂದು ವರ್ಷದಿಂದ ಊರಿಗೆಲ್ಲಾ ಹಡಗಿನ ಟಿಕೆಟ್ ಮಾರಿದ್ದೀನಿ ಕಣೇ, ಒಂದು ಸಲವೂ ಹತ್ತಿಲ್ಲ!"

"ನೀವು ಇಲ್ಲೇ ಇರಿ, ಭಾವನ ಧೈರ್ಯಕ್ಕೆ."

ಹೆಂಡತಿ ಹ್ಯಾಟನ್ನು ಹೊರಗೆಳೆದು, ಬಗ್ಗಿದ ಅಂಚನ್ನು ಎರಡೂ ಕೈಯಿಂದ ನೇರ ಮಾಡಿ ತಲೆಗಿಟ್ಟುಕೊಂಡಳು.

ಹಡಗು ಹೊರಟ ಮೂರನೆಯ ಬೆಳಿಗ್ಗೆ ಷಡ್ಡಕ ಬಂಕಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಮನೆಯಲ್ಲಿ ಒಬ್ಬನೇ ಬೇಜಾರೆಂದು ಬಂದಿದ್ದ. ಮೈಮೇಲೆ ಹಳದಿ ಅಂಗಿ, ಅಂಗೈಯಗಲದ ಕೆಂಪು ಹೂಗಳು. ಯಾರಾದರೂ ಒಬ್ಬರು ಹಾಕಿಕೊಳ್ಳಬೇಕಲ್ಲ ಎಂದು ಮ್ಯಾನೇಜರೇ ಕೊಟ್ಟಿದ್ದರು. ಗಾಳಿ ತುಂಬಿಸಿಕೊಳ್ಳಲು ಬಂದವರೆಲ್ಲ ಅವನನ್ನು ಒಮ್ಮೆ ನೋಡಿ ಹೋಗುತ್ತಿದ್ದರು.

ಆ ವಾರ ಎಣ್ಣೆ ದಿಢೀರನೆ ಮೇಲೆದ್ದಿತ್ತು. ಮ್ಯಾನೇಜರು ಕೋಲಿನ ತುದಿಯಲ್ಲಿ ಆರನ್ನು ಇಳಿಸಿ ಒಂಬತ್ತನ್ನು ಏರಿಸುತ್ತಿದ್ದರು.

"ಭಾವಾ, ಒಂದು ಪ್ರಶ್ನೆ," ಎಂದ ಷಡ್ಡಕ. "ಕೆಳಗೆ ಟ್ಯಾಂಕಲ್ಲಿರೋದು ಹಳೇ ದರದ ಎಣ್ಣೆ ತಾನೇ? ಅಗ್ಗದ್ದು?"

"ಹೂಂ."

"ಅದು ಮುಗಿಯೋವರೆಗೆ ಕಾಯಲ್ವಾ? ಇಳಿಯುವಾಗ ಹಳೇ ಎಣ್ಣೆ, ಏರುವಾಗ ಹೊಸ ಎಣ್ಣೆ. ನಿಮ್ಮ ಟ್ಯಾಂಕಿಗೆ ಎಷ್ಟು ಬಾಯಿ?"

"ನಿನ್ನ ಹಡಗಿಗಿರೋದಕ್ಕಿಂತ ಒಂದು ಕಮ್ಮಿ," ಎಂದರು ಮ್ಯಾನೇಜರು.

ಅಷ್ಟರಲ್ಲಿ ಜೇಬಿನ ಫೋನು ಕಿಣಿಗುಟ್ಟಿತು. ಹೆಂಡತಿಯ ಸಂದೇಶ. ಕೋಣೆಯ ಬಾಗಿಲಡಿಯಿಂದ ಒಂದು ಚೀಟಿ ತೂರಿಸಿದ್ದಾರೆ, ಕಚ್ಚಾ ಎಣ್ಣೆ ಎಪ್ಪತ್ತು ದಾಟಿತಂತೆ, ಇಂದಿನಿಂದ ತಲೆಗೆ ದಿನಕ್ಕೆ ಒಂಬತ್ತು ಡಾಲರ್ ಸರ್‌ಚಾರ್ಜ್. ಟಿಕೆಟ್ ಕೊಂಡ ನಂತರವೂ ವಿಧಿಸಬಹುದೆಂದು ನೀವೇ ಗಟ್ಟಿಯಾಗಿ ಓದಿದ್ದಿರಿ. ನಿಮ್ಮ ತತ್ವ ಏನನ್ನುತ್ತದೆ?

ಮ್ಯಾನೇಜರು ಕೋಲನ್ನು ಕಂಬಕ್ಕೆ ಒರಗಿಸಿ, ಕೈ ಒರೆಸಿಕೊಂಡು, ಒಂದೊಂದೇ ಅಕ್ಷರ ಒತ್ತಿದರು. 'ಕೊಟ್ಟುಬಿಡು. ತಂಗಿಯದನ್ನೂ ಕೊಡು.' ಕಳಿಸಿದ ಮೇಲೂ ಫೋನು ಜೇಬಿಗೆ ಹೋಗಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಇನ್ನೊಂದು ಸಾಲು ಬರೆದರು. 'ಕೆಳಗೆ ಅಲ್ಲಾಡುತ್ತಾ?'

ಟ್ಯಾಕ್ಸಿಯೊಂದು ಬಂದು ಹಾರ್ನ್ ಮಾಡಿತು. ಹೂವಿನ ಅಂಗಿಯ ಷಡ್ಡಕ ಎದ್ದು, ತಾನೇ ಅಲ್ಲಿನವನೆಂಬಂತೆ ಪೈಪು ಹಿಡಿಯಲು ಹೋಗಿ ಬೈಸಿಕೊಂಡ. ಆಗ ಉತ್ತರ ಬಂತು.

'ಚೆನ್ನಾಗಿ ಅಲ್ಲಾಡುತ್ತೆ ರೀ. ನಿಮ್ಮ ಮಂಡಿ ಹೇಗಿದೆ?'